ಗಜನಿಗೆ ಇಳಿಯುವ ನೀರುನಾಯಿ: ಅಮೆರಿಕದ ಉಪ್ಪು ಜೌಗಿನ ಟ್ರ್ಯಾಪ್ ಇಲ್ಲಿಗೆ ಸಲ್ಲುತ್ತದೆಯೇ?

ಪ್ರಶ್ನೆ: ಗಜನಿ ಕೃಷಿಕ, ಕುಮಟಾ

ಮಾನ್ಯರೇ,

ಅಘನಾಶಿನಿ ಅಳಿವೆಯ ಮಾಣಿಕಟ್ಟಾ ಭಾಗದ ಗಜನಿಯಲ್ಲಿ, ಎಂದರೆ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆಯಲ್ಲಿ, ನಮ್ಮ ಕುಟುಂಬಕ್ಕೂ ಪಾಲಿದೆ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತೇವೆ. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆಗಳನ್ನು ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು ಶೆಟ್ಲಿ (ಸೀಗಡಿ), ಏಡಿ, ಮೀನುಗಳನ್ನು ನೆಚ್ಚುತ್ತೇವೆ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತದ ರಾತ್ರಿಗಳಲ್ಲಿ ತೂಬಿನ ಬಾಯಿಗೆ ಚೀಲದಂತಹ ಬಲೆ ಕಟ್ಟಿ ಹಿಡಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಈಚೆಗೆ ನೀರುನಾಯಿಗಳ ಒಂದು ಗುಂಪು ನಮ್ಮ ಗಜನಿಗೆ ರೂಢಿಯಾಗಿಬಿಟ್ಟಿದೆ. ಬೆಳಗಿನ ಜಾವ ಒಡ್ಡಿನ ಮೇಲೆ ನಡೆದರೆ ಅರ್ಧ ತಿಂದ ಮೀನಿನ ತಲೆಗಳು, ಹುರುಪೆ ತುಂಬಿದ ಹಿಕ್ಕೆ, ಕೆಸರಿನಲ್ಲಿ ಹೊಟ್ಟೆಯ ಮೇಲೆ ಜಾರಿ ಇಳಿದ ನುಣುಪಾದ ಗೀರು ಕಾಣುತ್ತವೆ. ಕಟ್ಟಿದ ಬಲೆಯನ್ನು ಹರಿದು ಒಳಗಿದ್ದುದನ್ನು ತಿಂದುಹೋದ ಪ್ರಸಂಗವೂ ಇದೆ. ಪಾಲುದಾರರಲ್ಲಿ ಕೆಲವರು ರೋಸಿಹೋಗಿ, ವಿಷವಿಡುವ ಮಾತನ್ನೂ ಆಡುತ್ತಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ.

ಇತ್ತೀಚೆಗೆ ಅಮೆರಿಕದ ಸಮುದ್ರ ತೀರದ ಉಪ್ಪು ಜೌಗಿನಲ್ಲಿ ತುಪ್ಪಳದ ಪ್ರಾಣಿಗಳನ್ನು ಹಿಡಿಯುವವರ ವಿಡಿಯೋ ಒಂದನ್ನು ನೋಡಿದೆ. ಹುಲ್ಲಿನ ನಡುವಿನ ಸಣ್ಣ ತೋಡುಗಳಲ್ಲಿ ಗೂಟ ನೆಟ್ಟು, ಕಬ್ಬಿಣದ ಟ್ರ್ಯಾಪ್‌ಗಳನ್ನಿಟ್ಟು, ಇಳಿತದ ಹೊತ್ತಿಗೆ ದೋಣಿಯಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ. ಜಾಗ ನೋಡಿದರೆ ನಮ್ಮ ಗಜನಿಯದೇ ಲಕ್ಷಣ. ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಉಬ್ಬರ ಇಳಿತವಿರುವ ನೀರಿನಲ್ಲಿ ಈ ಕೆಲಸವನ್ನು ಅವರು ಹೇಗೆ ನಡೆಸುತ್ತಾರೆ? ಕೊಲ್ಲುವ ಟ್ರ್ಯಾಪ್ ಬೇಡ. ಜೀವಂತ ಹಿಡಿಯುವ ಬೋನನ್ನು ಒಡ್ಡಿನ ಮೇಲಿಟ್ಟು, ಸಿಕ್ಕಿದ ನೀರುನಾಯಿಯನ್ನು ಘಟ್ಟದ ಕಡೆ ಹೊಳೆಯಲ್ಲಿ ಬಿಟ್ಟುಬರಲು ಸಾಧ್ಯವೇ? ಅದೂ ಕೂಡದೆಂದರೆ ನಾವು ಮಾಡಬೇಕಾದದ್ದೇನು?

ಉತ್ತರ: ಕಾರವಾರ ಮೂಲದವನು, ಈಗ ಮೇರಿಲ್ಯಾಂಡ್ ವಾಸಿ

ನಿಮ್ಮ ಮೊದಲನೆಯ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಾನಿರುವ ಚೆಸಪೀಕ್ ಕೊಲ್ಲಿಯ ಪೂರ್ವ ತೀರದಲ್ಲಿ ಈ ಕಸುಬು ಇನ್ನೂ ಜೀವಂತವಾಗಿದೆ ಮತ್ತು ಅದನ್ನು ಮಾಡುವವರ ದೋಣಿಯಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿದೆ.

ಇಲ್ಲಿ ಮುಖ್ಯವಾಗಿ ಹಿಡಿಯುವುದು ಮಸ್ಕ್‌ರ್ಯಾಟ್ ಎಂಬ ಪ್ರಾಣಿಯನ್ನು. ನಮ್ಮ ಹೆಗ್ಗಣಕ್ಕಿಂತ ದಪ್ಪ, ಸುಮಾರು ಒಂದು ಕಿಲೋ ತೂಕ, ಒಳತುಪ್ಪಳ ಬಹಳ ದಟ್ಟ. ಜೌಗಿನ ಜೊಂಡು ಹುಲ್ಲನ್ನು ತಿಂದು, ಅದೇ ಹುಲ್ಲನ್ನು ಗುಪ್ಪೆ ಹಾಕಿ ಮನೆ ಕಟ್ಟುತ್ತದೆ. ಅದರ ಜೊತೆಗೆ ರಕೂನ್, ಮಿಂಕ್, ಅಮೆರಿಕದ ಹೊಳೆ ನೀರುನಾಯಿಗಳೂ ಇವೆ. ತುಪ್ಪಳ ಚಳಿಗಾಲದಲ್ಲಿ ಮಾತ್ರ ಪೂರ್ತಿ ಬೆಳೆದಿರುವುದರಿಂದ ಹಿಡಿಯುವ ಅವಧಿಯೂ ಚಳಿಗಾಲವೇ. ಪರವಾನಗಿ ಬೇಕು, ಯಾವ ಪ್ರಾಣಿಯನ್ನು ಯಾವ ತಿಂಗಳಲ್ಲಿ, ಯಾವ ಬಗೆಯ ಟ್ರ್ಯಾಪ್‌ನಿಂದ ಹಿಡಿಯಬಹುದು ಎಂಬುದನ್ನು ಆಯಾ ರಾಜ್ಯವೇ ನಿಗದಿ ಮಾಡುತ್ತದೆ. ನೀರುನಾಯಿಯ ಚರ್ಮವನ್ನು ಹೊರದೇಶಕ್ಕೆ ಕಳಿಸಬೇಕಾದರೆ ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮುದ್ರೆಯ ಪಟ್ಟಿ ಇರಲೇಬೇಕು.

ಕಸುಬಿನ ಗುಟ್ಟೆಲ್ಲ ಇರುವುದು ನೀರಿನ ಎತ್ತರವನ್ನು ಓದುವುದರಲ್ಲಿ. ಮಸ್ಕ್‌ರ್ಯಾಟ್ ತನ್ನ ಬಿಲದಿಂದ ತೋಡಿಗೆ ದಿನವೂ ಒಂದೇ ದಾರಿಯಲ್ಲಿ ಓಡಾಡುತ್ತದೆ. ಓಡಾಡಿ ಓಡಾಡಿ ಕೆಸರಿನಲ್ಲಿ ಅಂಗೈಯಗಲದ ಕಾಲುವೆ ಬೀಳುತ್ತದೆ. ಉಬ್ಬರದಲ್ಲಿ ಅದು ಕಾಣುವುದೇ ಇಲ್ಲ. ಇಳಿತದಲ್ಲಿ ಹೋದರೆ ಬಿಲದ ಬಾಯಿ, ಹೊಸದಾಗಿ ಕಡಿದ ಹುಲ್ಲಿನ ತುಂಡು, ಕಾಲುವೆಯ ತಳದಲ್ಲಿ ಕಲಕಿದ ಕೆಸರು ಎಲ್ಲವೂ ತೆರೆದುಕೊಳ್ಳುತ್ತವೆ. ಚೌಕಾಕಾರದ ಎರಡು ತಂತಿ ಚೌಕಟ್ಟುಗಳಿದ್ದು, ನಡುವೆ ತೂರುವ ಪ್ರಾಣಿಯ ಮೈಯನ್ನು ಸ್ಪ್ರಿಂಗ್‌ನ ಬಲದಿಂದ ಅಮುಕುವ ಕಾನಿಬೇರ್ ಟ್ರ್ಯಾಪನ್ನು ಆ ಕಾಲುವೆಗೆ ಅಡ್ಡವಾಗಿ ನಿಲ್ಲಿಸಿ, ಪಕ್ಕದಲ್ಲಿ ಗೂಟ ಹೊಡೆದು ಸರಪಳಿ ಕಟ್ಟುತ್ತಾರೆ. ಕೆನಡಾದ ಫ್ರಾಂಕ್ ಕಾನಿಬೇರ್ ರೂಪಿಸಿದ ಈ ಸಾಧನ 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಹಿಂದೆ ಕಾಲು ಹಿಡಿಯುವ ಉಕ್ಕಿನ ಟ್ರ್ಯಾಪ್‌ಗಳೇ ಬಳಕೆಯಲ್ಲಿದ್ದವು. ಟ್ರ್ಯಾಪ್ ಬಹಳ ಮೇಲಿದ್ದರೆ ದಿನದ ಬಹುಪಾಲು ಒಣಗಿ ನಿಂತಿರುತ್ತದೆ, ಬಹಳ ಕೆಳಗಿದ್ದರೆ ಉಬ್ಬರದಲ್ಲಿ ಪ್ರಾಣಿ ಅದರ ಮೇಲೆಯೇ ಈಜಿ ಹೋಗುತ್ತದೆ. ಹಾಗಾಗಿ ನೀರು ಅರ್ಧ ಇಳಿದಾಗ ಎಲ್ಲಿ ನಿಲ್ಲುತ್ತದೆಯೋ ಆ ಮಟ್ಟವನ್ನು ಲೆಕ್ಕ ಹಾಕುತ್ತಾರೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಇವರ ದಿನಚರಿಯೂ ಗಡಿಯಾರವನ್ನು ಬಿಟ್ಟು ಉಬ್ಬರದ ಪಟ್ಟಿಯನ್ನು ಅನುಸರಿಸುತ್ತದೆ. ಉಪ್ಪುನೀರಿನಲ್ಲಿ ಸ್ಪ್ರಿಂಗ್, ತಿರುಗುಣಿ ಎಲ್ಲಕ್ಕೂ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸ್ಪ್ರಿಂಗ್ ನಿಧಾನವಾಗಿ ಮುಚ್ಚಿದರೆ ಪ್ರಾಣಿ ಸಾಯದೆ ನರಳುತ್ತದೆ ಎಂಬ ಕಾರಣಕ್ಕೆ ಒಳ್ಳೆಯ ಕಸುಬುದಾರರು ಟ್ರ್ಯಾಪ್‌ಗಳನ್ನು ಬಹಳ ಜತನದಿಂದ ನೋಡಿಕೊಳ್ಳುತ್ತಾರೆ.

ಇನ್ನು ದಕ್ಷಿಣದ ಲೂಯಿಸಿಯಾನ. ಅಲ್ಲಿ ಕಡಲು ಹೆಚ್ಚಾಗಿ ದಿನಕ್ಕೆ ಒಂದೇ ಸಲ ಏರಿ ಇಳಿಯುತ್ತದೆ, ಏರಿಳಿತವೂ ಸುಮಾರು 30 ಸೆಂಟಿಮೀಟರ್ ಮಾತ್ರ. ನಮ್ಮ ಕಾರವಾರದಲ್ಲಿ ದಿನಕ್ಕೆ ಎರಡು ಸಲ, ದೊಡ್ಡ ಉಬ್ಬರದಲ್ಲಿ ಸುಮಾರು 2 ಮೀಟರ್. ವಿಡಿಯೋದಲ್ಲಿ ಕಂಡ ಜಾಗ ಗಜನಿಯಂತೆಯೇ ತೋರಿದರೂ ನೀರಿನ ನಡತೆಯಲ್ಲಿ ಇಷ್ಟು ಅಂತರವಿದೆ.

ಅದಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ಇಲ್ಲಿನ ಜೌಗಿನಲ್ಲಿ ಟ್ರ್ಯಾಪ್‌ಗೆ ಸರ್ಕಾರವೇ ಹಣ ಕೊಟ್ಟದ್ದು ಹೊರಗಿನಿಂದ ತಂದ ಒಂದು ಪ್ರಾಣಿಯ ವಿರುದ್ಧ. ನ್ಯೂಟ್ರಿಯಾ ಎಂಬ ದಕ್ಷಿಣ ಅಮೆರಿಕದ ದೊಡ್ಡ ದಂಶಕವನ್ನು ತುಪ್ಪಳದ ಆಸೆಗೆ ತಂದು ಸಾಕಿದರು, ಅದು ತಪ್ಪಿಸಿಕೊಂಡು ಜೌಗಿಗೆ ಸೇರಿತು. ಅದು ಹುಲ್ಲಿನ ಬೇರನ್ನೇ ಅಗೆದು ತಿನ್ನುತ್ತದೆ. ಬೇರು ಹೋದ ಮೇಲೆ ಕೆಸರನ್ನು ಹಿಡಿದಿಡುವುದು ಏನೂ ಉಳಿಯದೆ ಜೌಗು ಬರಿಯ ನೀರಾಗುತ್ತದೆ. 1980ರ ದಶಕದ ಕೊನೆಯಲ್ಲಿ ತುಪ್ಪಳದ ಬೆಲೆ ಕುಸಿದು ಹಿಡಿಯುವವರು ಕಡಿಮೆಯಾದಾಗ ಈ ಹಾನಿ ಇನ್ನೂ ಹೆಚ್ಚಿತು. 2002ರಲ್ಲಿ ಲೂಯಿಸಿಯಾನ ಒಂದೊಂದು ಬಾಲಕ್ಕೆ ಇಷ್ಟೆಂದು ಹಣ ಕೊಡುವ ಯೋಜನೆ ಆರಂಭಿಸಿತು. ಮೇರಿಲ್ಯಾಂಡ್‌ನಲ್ಲಿ ಅದೇ ವರ್ಷ ನಿರ್ಮೂಲನದ ಕೆಲಸ ಶುರುವಾಗಿ, ಟ್ರ್ಯಾಪ್, ವಾಸನೆ ಹಿಡಿಯುವ ನಾಯಿ, ರೇಡಿಯೋ ಕೊರಳಪಟ್ಟಿ ಎಲ್ಲವನ್ನೂ ಬಳಸಿ, 2022ರಲ್ಲಿ ಚೆಸಪೀಕ್ ತೀರ ನ್ಯೂಟ್ರಿಯಾ ಮುಕ್ತವಾಯಿತೆಂದು ಘೋಷಿಸಲಾಯಿತು. ಜೌಗನ್ನು ಉಳಿಸಲೆಂದೇ ಅಲ್ಲಿ ಟ್ರ್ಯಾಪ್ ಇಟ್ಟರು. ನಿಮ್ಮ ಗಜನಿಯ ನೀರುನಾಯಿಯಾದರೋ ಆ ಅಳಿವೆಯಲ್ಲೇ ಹುಟ್ಟಿ ಬೆಳೆದದ್ದು. ಒಡ್ಡು ಕಟ್ಟುವ ಮೊದಲೂ ಅಲ್ಲಿ ಮೀನು ಹಿಡಿಯುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ನನ್ನ ಸ್ಪಷ್ಟ ಅಭಿಪ್ರಾಯ.

ಉತ್ತರ: ವಕೀಲ, ಶಿರಸಿ

ಕಾನೂನಿನ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ, ಏಕೆಂದರೆ ಜೀವಂತ ಹಿಡಿದು ದೂರ ಬಿಟ್ಟರೆ ಅಪರಾಧವಾಗದು ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಜನರಲ್ಲಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೇ ಕಲಮಿನಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು, ವಿಷವಿಕ್ಕುವುದು, ಹಿಡಿಯುವುದು, ಉರುಳು ಹಾಕುವುದು, ಬೋನಿಗೆ ಕೆಡಹುವುದು, ಅಟ್ಟುವುದು, ಆಮಿಷವೊಡ್ಡುವುದು ಎಲ್ಲವೂ ಸೇರಿವೆ; ಇವುಗಳಿಗಾಗಿ ಮಾಡುವ ಪ್ರಯತ್ನವೂ ಬೇಟೆಯೇ. ಆದ್ದರಿಂದ ಒಡ್ಡಿನ ಮೇಲೆ ಮೀನು ಕಟ್ಟಿ ಬೋನನ್ನು ಇಟ್ಟ ಕ್ಷಣದಲ್ಲೇ, ಒಳಗೆ ಏನೂ ಬೀಳದಿದ್ದರೂ, ಬೇಟೆಯನ್ನು ನಿಷೇಧಿಸುವ 9ನೇ ಕಲಮಿನ ಉಲ್ಲಂಘನೆ ಆಗಿರುತ್ತದೆ. 2022ರ ತಿದ್ದುಪಡಿಯ ನಂತರ ನಮ್ಮಲ್ಲಿನ ನೀರುನಾಯಿಗಳು ಅತಿ ಹೆಚ್ಚಿನ ರಕ್ಷಣೆಯ ಪ್ರಾಣಿಗಳ ಪಟ್ಟಿಯಾದ ಮೊದಲನೆಯ ಅನುಸೂಚಿಯಲ್ಲಿವೆ. ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಲು 51ನೇ ಕಲಮು ಅವಕಾಶ ಕೊಡುತ್ತದೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ನೀಡಬಹುದಾದದ್ದು ಅದು ಮನುಷ್ಯನ ಪ್ರಾಣಕ್ಕೆ ಅಪಾಯವಾದಾಗ, ಇಲ್ಲವೇ ಗುಣವಾಗದ ಗಾಯ ಅಥವಾ ರೋಗಕ್ಕೆ ಗುರಿಯಾದಾಗ. ಮೀನಿನ ನಷ್ಟ ಆ ಕಾರಣಗಳಲ್ಲಿ ಬರುವುದಿಲ್ಲ.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ನೀರುನಾಯಿಯ ಚರ್ಮಕ್ಕೆ ನಮ್ಮ ದೇಶದಿಂದ ಉತ್ತರದ ಗಡಿ ದಾಟುವ ಕಳ್ಳಮಾರುಕಟ್ಟೆ ಬಹುಕಾಲ ನಡೆದಿತ್ತು. 2003ರಲ್ಲಿ ಟಿಬೆಟ್‌ನಲ್ಲಿ ಒಂದೇ ಸಲಕ್ಕೆ ಸಿಕ್ಕಿಬಿದ್ದ ಸರಕಿನಲ್ಲಿ 31 ಹುಲಿ, 581 ಚಿರತೆಗಳ ಜೊತೆಗೆ 778 ನೀರುನಾಯಿಗಳ ಚರ್ಮಗಳಿದ್ದವು. ಹುಲಿಯ ಲೆಕ್ಕ ಪತ್ರಿಕೆಗಳಲ್ಲಿ ಬಂತು, ನೀರುನಾಯಿಯ ಲೆಕ್ಕವನ್ನು ಕೇಳಿದವರು ಕಡಿಮೆ. 2019ರಲ್ಲಿ ನಯ ತುಪ್ಪಳದ ನೀರುನಾಯಿ, ಚಿಕ್ಕ ಉಗುರಿನ ನೀರುನಾಯಿ ಎರಡನ್ನೂ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪೂರ್ತಿ ನಿಷೇಧವಿರುವ ಪಟ್ಟಿಗೆ ಏರಿಸಲಾಯಿತು.

ವಿಷದ ಮಾತಾಡುತ್ತಿರುವ ಪಾಲುದಾರರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಗಜನಿಯ ನೀರು ಒಬ್ಬರ ಪಾಲಿನಲ್ಲಿ ನಿಲ್ಲುವಂಥದಲ್ಲ. ಹಾಕಿದ ವಿಷ ಮುಂದಿನ ಇಳಿತಕ್ಕೆ ಬಳಚು (ಚಿಪ್ಪುಮೀನು) ಹೆಕ್ಕುವವರ ಬುಟ್ಟಿಗೂ ಹೋಗುತ್ತದೆ. ಒಡ್ಡಿನ ತಂತಿಗೆ ನೇರವಾಗಿ ಕರೆಂಟು ಕೊಡುವುದೂ ಅಷ್ಟೇ ಗಂಭೀರ ಅಪರಾಧ, ಮನುಷ್ಯರ ಜೀವಕ್ಕೂ ಎರವು. ನಷ್ಟದ ವಿವರವನ್ನು ಫೋಟೋ ಸಮೇತ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ತುರ್ತಿದ್ದರೆ ಅರಣ್ಯ ಇಲಾಖೆಯ 1926 ಸಹಾಯವಾಣಿ ಇದೆ.

ಉತ್ತರ: ಅಳಿವೆಯ ಅಧ್ಯಯನದಲ್ಲಿರುವವಳು, ಹೊನ್ನಾವರ

ಮೇಲಿನ ಇಬ್ಬರೂ ಹೇಳಿದ್ದು ಸರಿಯಿದೆ. ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ, ಮತ್ತು ಅದು ಬಾರದಿದ್ದರೆ ಕಾನೂನು ಹೇಳಿ ಪ್ರಯೋಜನವಿಲ್ಲ. ನಷ್ಟ ಆಗುತ್ತಿರುವುದು ನಿಮಗೆ.

ನೀವು ಹೇಳಿದ ಗುರುತುಗಳಿಂದ ನಿಮ್ಮಲ್ಲಿಗೆ ಬರುತ್ತಿರುವುದು ನಯ ತುಪ್ಪಳದ ನೀರುನಾಯಿ ಎಂದೇ ತೋರುತ್ತದೆ. ಅದು ಗುಂಪಿನಲ್ಲಿ ಬದುಕುತ್ತದೆ, ಮುಖ್ಯವಾಗಿ ಮೀನನ್ನೇ ತಿನ್ನುತ್ತದೆ. ಘಟ್ಟದ ತೊರೆಗಳಲ್ಲಿ ಹೆಚ್ಚಾಗಿ ಕಾಣುವ ಚಿಕ್ಕ ಉಗುರಿನ ಜಾತಿಗೆ ಏಡಿಯೇ ಮುಖ್ಯ ಆಹಾರವಾದ್ದರಿಂದ ಅದರ ಹಿಕ್ಕೆಯಲ್ಲಿ ಹುರುಪೆಗಿಂತ ಏಡಿಚಿಪ್ಪಿನ ಚೂರೇ ಹೆಚ್ಚು. ಇದರಿಂದಲೇ, ಹಿಡಿದು ಘಟ್ಟದ ಹೊಳೆಗೆ ಬಿಡುವ ಯೋಚನೆ ಕಾನೂನು ಒಪ್ಪಿದರೂ ಕೂಡುವಂಥದಲ್ಲವೆಂದು ತಿಳಿಯುತ್ತದೆ. ಗುಂಪಿನಿಂದ ಒಂದನ್ನು ಎತ್ತಿ ಅಪರಿಚಿತ ನೀರಿಗೆ ಬಿಟ್ಟರೆ ಅದು ಬೇರೆ ಗುಂಪಿನ ನೆಲೆಗೆ ಬಿದ್ದಂತೆ. ನಿಮ್ಮ ಗಜನಿ ಮಾತ್ರ ಖಾಲಿ ಉಳಿಯುವುದಿಲ್ಲ, ಉಳಿದವು ಬರುತ್ತಲೇ ಇರುತ್ತವೆ. ನಿಮ್ಮಲ್ಲಿ ಶೆಟ್ಲಿಯ ಹಂಗಾಮು ಇರುವ ಚಳಿಗಾಲವೇ ಅವುಗಳ ಮರಿಗಳ ಕಾಲವೂ ಆಗಿರುತ್ತದೆ. ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ 1982ರಿಂದ 1992ರವರೆಗೆ 845 ನೀರುನಾಯಿಗಳನ್ನು ಹೊರಗಿನಿಂದ, ಬಹುಪಾಲು ಲೂಯಿಸಿಯಾನದಿಂದ, ತಂದು ಬಿಟ್ಟ ಉದಾಹರಣೆ ಇದೆ. ಅದು ನಶಿಸಿದ್ದ ಪ್ರಾಣಿಯನ್ನು ಮರಳಿ ನೆಲೆಗೊಳಿಸಲು ರಾಜ್ಯವೇ ಮಾಡಿದ ಕೆಲಸ. ಅವು ಹೆಚ್ಚಿದ ಮೇಲೆ ಅಲ್ಲಿಯೂ ಮೀನಿನ ಕೊಳಗಳವರಿಂದ ನಿಮ್ಮ ದೂರೇ ಕೇಳಿಬಂತು.

ಈಗ ಮಾಡಬಹುದಾದದ್ದು. ಆ ಟ್ರ್ಯಾಪ್‌ನವರಿಂದ ಕಲಿಯಬೇಕಾದದ್ದು ದಾರಿ ಓದುವ ವಿದ್ಯೆ. ಇಳಿತದ ಹೊತ್ತಿನಲ್ಲಿ ಒಡ್ಡಿನ ಹೊರಮೈಯನ್ನು ಒಂದು ಸುತ್ತು ನಡೆಯಿರಿ. ನೀರುನಾಯಿ ಒಡ್ಡನ್ನು ಎಲ್ಲೆಂದರಲ್ಲಿ ದಾಟುವುದಿಲ್ಲ. ಜಾರುಗೀರು, ಹಿಕ್ಕೆಯ ರಾಶಿ, ಮೈ ಒರೆಸಿ ಮಲಗಿಸಿದ ಹುಲ್ಲು ಕೆಲವೇ ಜಾಗಗಳಲ್ಲಿ ಪದೇ ಪದೇ ಸಿಗುತ್ತವೆ. ಆ ಜಾಗಗಳಿಗೆ ಗೂಟ ನೆಟ್ಟು ಗುರುತು ಮಾಡಿ. ಗಜನಿ ಪೂರ್ತಿಗೆ ಬೇಲಿ ಹಾಕುವುದು ನಿಮ್ಮಿಂದಾಗದ ಖರ್ಚು. ಈ ದಾಟುಗಳು ಮತ್ತು ತೂಬು, ಇಷ್ಟನ್ನು ಕಾದರೆ ಸಾಕಷ್ಟು ಫಲ ಸಿಗುತ್ತದೆ.

ಬೇಲಿಗೆ ಗಟ್ಟಿಯಾದ ವೆಲ್ಡ್ ಮೆಶ್ ಬಳಸಿ, ಕಣ್ಣು 5 ಸೆಂಟಿಮೀಟರಿಗಿಂತ ದೊಡ್ಡದಿರಬಾರದು. ತಳವನ್ನು ಕೆಸರಿನೊಳಗೆ ಒಂದು ಅಡಿಯಾದರೂ ಹೂಳಿ, ಇಲ್ಲದಿದ್ದರೆ ಅಡಿಯಿಂದ ತೋಡಿಕೊಂಡು ಬರುತ್ತವೆ. ಮೇಲಂಚನ್ನು ಹೊರಕ್ಕೆ ಬಾಗಿಸಿ. ಉಪ್ಪುಗಾಳಿಗೆ ಸಾದಾ ತಂತಿ ತಾಳುವುದಿಲ್ಲ. ಸತು ಲೇಪನ ಅಥವಾ ಪ್ಲಾಸ್ಟಿಕ್ ಹೊದಿಕೆಯ ಜಾಲರಿಗೆ ಮೊದಲು ಹೆಚ್ಚು ಹಣ ಹೋದರೂ ಬಾಳಿಕೆ ಬರುತ್ತದೆ. ನೈಲಾನ್ ಬಲೆಯನ್ನು ಸಡಿಲವಾಗಿ ಇಳಿಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಅದರಲ್ಲಿ ನೀರುನಾಯಿ ಸಿಕ್ಕಿಕೊಂಡರೆ ಉಬ್ಬರ ಏರುವ ಹೊತ್ತಿಗೆ ಉಸಿರುಗಟ್ಟಿ ಸಾಯುತ್ತದೆ.

ತೂಬಿನಲ್ಲಿ ಇನ್ನೊಂದು ಕೆಲಸವಿದೆ. ಇಳಿತದ ರಾತ್ರಿ ಬಲೆ ಕಟ್ಟಿ ಮನೆಗೆ ಹೋಗಿ ನಸುಕಿಗೆ ಬರುವುದು ರೂಢಿಯಾಗಿದ್ದರೆ ಆ ನಡುವಿನ ಹೊತ್ತೇ ಅವುಗಳ ಊಟದ ಹೊತ್ತು. ಕಿರಿದಾದ ಬಾಯಲ್ಲಿ ಮೀನು ಒತ್ತಾಗಿ ಸಿಗುತ್ತದೆ, ಹುಡುಕುವ ಶ್ರಮವಿಲ್ಲ. ಬಲೆಯ ಹೊರಬದಿಗೆ ಅದೇ ವೆಲ್ಡ್ ಮೆಶ್‌ನ ಪೆಟ್ಟಿಗೆಯಂತಹ ಹೊದಿಕೆ ಮಾಡಿಸಿ ಹಲಗೆ ಕೂರುವ ಸಂದಿಗೆ ಸೇರಿಸಿ. ನೀರು ಹರಿಯುತ್ತದೆ, ಬಲೆಗೆ ಹಲ್ಲು ತಾಗುವುದಿಲ್ಲ. ಕಸ ಕಟ್ಟುವುದರಿಂದ ಆಗಾಗ ತೆಗೆದು ತೊಳೆಯಬೇಕು. ದೊಡ್ಡ ಇಳಿತದ ಆ ಕೆಲವು ರಾತ್ರಿಗಳಲ್ಲಿ ಪಾಲುದಾರರು ಸರದಿಯಲ್ಲಿ ತೂಬಿನ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮನುಷ್ಯರ ಓಡಾಟ, ನಾಯಿಯ ಬೊಗಳುವಿಕೆ ಅವುಗಳನ್ನು ದೂರವಿಡುತ್ತವೆ. ಬರಿಯ ದೀಪಕ್ಕೆ, ರೇಡಿಯೋಗೆ ಬೇಗ ಒಗ್ಗಿಹೋಗುತ್ತವೆ. ಗಜನಿಯೊಳಗೆ ಒಂದು ಕಡೆ ಆಳವಾದ ಗುಂಡಿ ಇರಲಿ. ನೀರು ತೆಳುವಾದಾಗ ಮೀನಿಗೆ ಅಡಗಲು ಜಾಗವಿಲ್ಲದಿದ್ದರೆ ನೀರುನಾಯಿ, ಕೊಕ್ಕರೆ ಎರಡಕ್ಕೂ ಸುಲಭವಾಗುತ್ತದೆ.

ಒಡ್ಡಿನ ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಟ್ಟಿಯನ್ನು ಮಾತ್ರ ಕಡಿಯಬೇಡಿ, ಹೊಸದಾಗಿ ನೆಡಲು ಸಾಧ್ಯವಾದರೆ ನೆಡಿ. ಹೊರಗೆ ಮೀನು ಸಿಗುವಷ್ಟು ದಿನ ಒಳಗೆ ಬರುವ ಒತ್ತಡ ಕಡಿಮೆ, ಒಡ್ಡಿಗೂ ಅದೇ ಕಾವಲು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಮನ್ನಣೆಗೆ ಅಲ್ಲಿನ ಕಗ್ಗದ ಗದ್ದೆ, ಬಳಚು, ಕಾಂಡ್ಲಾ, ನೀರುನಾಯಿ ಎಲ್ಲವೂ ಕಾರಣ ಎಂಬುದನ್ನು ನಿಮ್ಮಂತಹ ಗಜನಿಯವರು ಇಲಾಖೆಯ ಮುಂದೆ ಹೇಳಿ, ಜಾಲರಿಯ ಖರ್ಚಿನಲ್ಲಿ ನೆರವು ಕೇಳುವುದು ನ್ಯಾಯವಾಗಿಯೇ ಇದೆ. ಅರ್ಜಿ ಬರೆಯಲು ನಾನು ಜೊತೆಗೂಡುತ್ತೇನೆ.

ಪ್ರಶ್ನಿಸಿದವರಿಂದ:

ಮೂವರಿಗೂ ಕೃತಜ್ಞತೆಗಳು. ಬೋನಿನ ಯೋಚನೆಯನ್ನು ಬಿಟ್ಟಿದ್ದೇವೆ, ವಿಷದ ಮಾತನ್ನೂ ಪಾಲುದಾರರ ಸಭೆಯಲ್ಲಿ ನಿಲ್ಲಿಸಿದ್ದಾಯಿತು. ಒಂದು ಸಂದೇಹ ಉಳಿದಿದೆ. ಒಡ್ಡಿನಲ್ಲಿ ಹೆಗ್ಗಣಗಳ ಬಿಲವೂ ಇದೆ, ಅವುಗಳಿಂದ ದೊಡ್ಡ ಉಬ್ಬರದಲ್ಲಿ ನೀರು ಸೋರುತ್ತದೆ. ಅದಕ್ಕೆ ಮನೆಯಲ್ಲಿ ಇಡುವಂತಹ ಪಂಜರವನ್ನು ಇಡಬಹುದೇ, ಅಥವಾ ಅದರಲ್ಲೂ ಅಡ್ಡಿ ಇದೆಯೇ?

ಉತ್ತರ: ಅಳಿವೆಯ ಅಧ್ಯಯನದಲ್ಲಿರುವವಳು, ಹೊನ್ನಾವರ

ಸಾಮಾನ್ಯ ಹೆಗ್ಗಣಕ್ಕೆ ಪಂಜರ ಇಡುವುದಕ್ಕೆ ಅಡ್ಡಿಯಿಲ್ಲ. ಪಂಜರ ಚಿಕ್ಕದಿರಲಿ, ನೀರುನಾಯಿಯ ಮರಿ ತಲೆ ತೂರಿಸದಷ್ಟು ಕಿರಿದು ಬಾಯಿ ಇರಲಿ, ಆಮಿಷಕ್ಕೆ ಒಣಮೀನು ಬೇಡ. ಸುಟ್ಟ ಕೊಬ್ಬರಿ ಸಾಕು. ದಾಟುಗಳಿಂದ ದೂರ, ಒಡ್ಡಿನ ಒಳಬದಿಯಲ್ಲಿ, ದೊಡ್ಡ ಉಬ್ಬರದ ನೀರು ಮುಟ್ಟದ ಎತ್ತರದಲ್ಲಿಡಿ, ಬೆಳಿಗ್ಗೆ ತಪ್ಪದೆ ನೋಡಿ. ಬಿಲ ಮುಚ್ಚುವ ಮೊದಲು ಅದು ಹೆಗ್ಗಣದ್ದೇ ಎಂದು ಖಚಿತ ಮಾಡಿಕೊಳ್ಳಿ: ನೀರಿನ ಅಂಚಿನಲ್ಲಿ ಬಾಯಿ ಅಗಲವಾಗಿದ್ದು, ಸುತ್ತ ಹುರುಪೆಯ ಹಿಕ್ಕೆ ಇದ್ದರೆ ಅದನ್ನು ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಉಳಿದ ಬಿಲಗಳಿಗೆ ಇಳಿತದ ಹೊತ್ತಿನಲ್ಲಿ ಜೇಡಿಯನ್ನು ತುಂಬಿ ಕುಟ್ಟಿದರೆ, ಮುಂದಿನ ಅಮಾವಾಸ್ಯೆಯ ಉಬ್ಬರ ಬರುವುದರೊಳಗೆ ಅದು ಬಿಗಿದುಕೊಂಡಿರುತ್ತದೆ.